ಒಳಗೆ ಕೂತ ಕ್ರಿಮಿಯೂ ಸುಮಿತ್ರಮ್ಮನೂ

ಪಾಲಿಬೆಟ್ಟದ ಆಶಾ ಕಾರ್ಯಕರ್ತೆ ಸುಮಿತ್ರಮ್ಮನವರಿಗೆ ಜನರನ್ನು ನಂಬುವ ಚಟ. ಹನ್ನೆರಡು ವರ್ಷದಿಂದ ಕಾಫಿ ಎಸ್ಟೇಟಿನ ಕೂಲಿಗಳ ಲೈನ್ ಮನೆಗಳಿಗೆ ಟಿಬಿ ಮಾತ್ರೆ ಹಂಚುತ್ತಿದ್ದಾರೆ. ಯಾರಾದರೂ "ನುಂಗಿದೆ ಅಕ್ಕ" ಅಂದರೆ ಸಾಕು, ಟಿಕ್ ಹಾಕಿ ಮುಂದಿನ ಮನೆ. ಒಳ್ಳೆಯ ಹೆಂಗಸು, ನಿಜ. ಆದರೆ ಬರೀ ಒಳ್ಳೆಯತನಕ್ಕೆ ಟಿಬಿ ವಾಸಿಯಾಗುವುದಿಲ್ಲ.

ಕಾಫಿ ಕೊಯ್ಯುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡ ಚೋಮಿಗೆ ಡಿಸೆಂಬರಿನಲ್ಲಿ ಟಿಬಿ ಎಂದು ಗೊತ್ತಾಗಿತ್ತು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಮೈ ತುಂಬಿಕೊಂಡಿತು. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳೇ ಅಕ್ಕಿ ಡಬ್ಬದಿಂದ ಮೂರು ವಾರದ ಮಾತ್ರೆ ತೆಗೆದು ಹೆಮ್ಮೆಯಿಂದ ತೋರಿಸಿದಳು.

"ಮಳೆಗಾಲಕ್ಕೆ ಕೆಮ್ಮು ಬಂದ್ರೆ ಇರ್ಲಿ ಅಂತ ಎತ್ತಿಟ್ಟೆ ಅಕ್ಕ. ಈಗ ಏನೂ ಇಲ್ವಲ್ಲ."

ಅರ್ಧಕ್ಕೆ ಬಿಟ್ಟರೆ ಮಾತ್ರೆಗೆ ಬಗ್ಗದ ಟಿಬಿ ಬರಬಹುದು, ಆಗ ಚೋಮಿ ಉಳಿಯುವುದೇ ಕಷ್ಟ. ಸುಮಿತ್ರಮ್ಮ ಬೈದರು, ಹೆದರಿಸಿದರು. ಚೋಮಿ ನಕ್ಕಳು. ಕೊನೆಗೆ ಟ್ರೇನಿಂಗಿನಲ್ಲಿ ಕೇಳಿದ್ದನ್ನು ಹೇಳಿದರು.

"ಮೈಯೊಳಗೆ ಕಾವಲು ಕಾಯೋ ಕಣ ಇರ್ತವೆ ಚೋಮಿ. ರೋಗದ ಕ್ರಿಮಿನ ನುಂಗಿ ಅರಗಿಸ್ಕೊಳ್ತವೆ. ಈ ಕ್ರಿಮಿ ಮಾತ್ರ ಕಣದ ಒಳಗೆ ಹೋಗಿ ಎಂಥದೋ ಪ್ರೋಟೀನ್ ಬಿಡ್ತದೆ, ಅರಗಿಸೋ ಕೆಲಸನೇ ನಿಲ್ಲಿಸ್ತದೆ. ಆಮೇಲೆ ಕೆಮ್ಮು ನಿಂತ್ರೂ ಅಲ್ಲೇ ಮನೆ ಮಾಡ್ಕೊಂಡು ಕೂತಿರ್ತದೆ. ನಿಂಗೆ ಗೊತ್ತೂ ಆಗಲ್ಲ."

ಚೋಮಿ ನಗು ನಿಲ್ಲಿಸಿದಳು. ಕಾಫಿ ಕೊಯ್ಲು ಮುಗಿದ ಆ ವಾರ ಅವಳಿಗೆ ಗಿಡದಲ್ಲೂ ನೆಲದಲ್ಲೂ ಉಳಿದ ಕಾಯಿಗಳನ್ನು ಹೆಕ್ಕುವ ಕೆಲಸ. ಬಿಟ್ಟ ಕಾಯಿಯೊಳಗೆ ಬೋರರ್ ಹುಳ ಉಳಿದು, ಮುಂದಿನ ಫಸಲನ್ನೇ ಕೊರೆಯುತ್ತದೆ.

"ಬೋರರ್ ಥರವಾ? ಹೊರಗೆ ಔಷಧಿ ಹೊಡೆದ್ರೂ ಕಾಯಿ ಒಳಗೆ ಇರ್ತದಲ್ಲ, ಹಂಗಾ?"

"ಹಂಗೇ."

"ಮೊದ್ಲೇ ಹಂಗೆ ಹೇಳೋದಲ್ವಾ ಅಕ್ಕ," ಎಂದು ಚೋಮಿ ತಿರುಗಿ ಬೈದಳು. ಬೈಸಿಕೊಂಡು ಇಷ್ಟು ಸಂತೋಷ ಸುಮಿತ್ರಮ್ಮನವರಿಗೆ ಎಂದೂ ಆಗಿರಲಿಲ್ಲ.

ಮರುದಿನವೇ ಇಬ್ಬರೂ ಜೀಪು ಹತ್ತಿ ಗೋಣಿಕೊಪ್ಪಲಿನ ಆಸ್ಪತ್ರೆಗೆ ಹೋದರು. ಡಾಕ್ಟರು ಮತ್ತೆ ಕಫ ಪರೀಕ್ಷೆ ಮಾಡಿಸಿ, ಅದೇ ಮಾತ್ರೆ ಇನ್ನೂ ನಾಟುತ್ತದೆ, ಆದರೆ ಚಿಕಿತ್ಸೆಯ ದಿನ ಹೆಚ್ಚಾಯಿತು ಎಂದರು. ಅಂದಿನಿಂದ ಸುಮಿತ್ರಮ್ಮ ದಿನಾ ಬೆಳಿಗ್ಗೆ ಎದುರು ನಿಂತು ನುಂಗಿಸಿದರು.

ಆಗಸ್ಟಿನಲ್ಲಿ ಕಫದಲ್ಲಿ ಕ್ರಿಮಿ ಇಲ್ಲ ಎಂದು ರಿಪೋರ್ಟ್ ಬಂತು. ಕೊನೆಯ ಮಾತ್ರೆಯ ದಿನ ಸುಮಿತ್ರಮ್ಮ ಅದನ್ನು ಕೈಗೆ ಕೊಟ್ಟು, "ನಿನ್ನ ಮೇಲೆ ನಂಬಿಕೆ ಉಂಟು, ಊಟ ಆದ್ಮೇಲೆ ತಗೋ" ಎಂದು ಹೊರಟರು. ಚೋಮಿ ಕೈ ಹಿಡಿದು ನಿಲ್ಲಿಸಿದಳು. ಮಾತ್ರೆ ನುಂಗಿ, ನೀರು ಕುಡಿದು, ಬಾಯಿ ಅಗಲಕ್ಕೆ ತೆರೆದು ತೋರಿಸಿದಳು.

"ಮೊದ್ಲು ನೋಡಿ ಅಕ್ಕ. ಆಮೇಲೆ ನಂಬಿ."