ಸೊಲ್ಲಾಪುರಕ್ಕೆ ಟಗರಿನ ಅಪ್ಪಣೆ

ನಮ್ಮ ಮನೆಯಲ್ಲಿ ದೊಡ್ಡ ಮಾತುಗಳನ್ನೆಲ್ಲ ತೀರ್ಮಾನಿಸುತ್ತಿದ್ದುದು ಟಗರು. ನಗಬೇಡಿ. ಹೆಣ್ಣು ತರುವುದಿರಲಿ, ಬಾವಿ ತೋಡುವುದಿರಲಿ, ಹಿಂಡಿನ ದೊಡ್ಡ ಟಗರನ್ನು ಮನೆದೇವರ ಮುಂದೆ ತಂದು ನಿಲ್ಲಿಸಿ, ಅದರ ಬೆನ್ನ ಮೇಲೆ ಅರಿಶಿನದ ನೀರು ಸುರಿದು, ಕೇಳುವುದನ್ನು ಕೇಳುತ್ತಿದ್ದರು. ಅದು ಮೈ ಜಾಡಿಸಿತೋ, ದೇವರು ಹೂಂ ಅಂದ ಹಾಗೆ. ಸುಮ್ಮನೆ ನಿಂತಿತೋ, ಮುಗೀತು. ಶಹಾಪುರ, ಸುರಪುರಗಳ ನಡುವಿನ ನಮ್ಮ ಊರಿನಲ್ಲಿ ಕುರಿ ಸಾಕುವ ಮನೆಗಳಲ್ಲೆಲ್ಲ ಇದೇ ಪದ್ಧತಿ. ನನ್ನ ಅವ್ವ ಈ ಮನೆಗೆ ಸೊಸೆಯಾಗಿ ಬಂದದ್ದೂ ಯಾವುದೋ ಟಗರು ಮೈ ಜಾಡಿಸಿದ್ದರಿಂದಲೇ.

ಅದು ನಿಜಾಮನ ಆಳ್ವಿಕೆ ಹೋದ ಮೇಲಿನ ಮಾತು. ಕಚೇರಿಯಲ್ಲಿ ಉರ್ದು ಹೋಗಿ ಕನ್ನಡ ಬರುತ್ತಿತ್ತು, ನಿಜಾಮನ ನಾಣ್ಯ ಹೋಗಿ ಹೊಸ ನಾಣ್ಯ ಬರುತ್ತಿತ್ತು, ಊರೆಲ್ಲ ಖುಷಿಯಲ್ಲಿತ್ತು. ನಾವೂ ಖುಷಿಯಲ್ಲೇ ಇದ್ದೆವು. ತೊಂದರೆ ಒಂದೇ, ನಮ್ಮ ಕಂಬಳಿ ಕೊಳ್ಳುವವರು ಇಲ್ಲವಾದರು. ಹಿಂದೆ ಸುರಪುರದ ಸಂತೆಗೆ ಹೈದರಾಬಾದಿನ ವ್ಯಾಪಾರಿಯೊಬ್ಬ ಬಂದು, ನಿಜಾಮನ ದಂಡಿಗೆಂದು ಗಾಡಿಗಟ್ಟಲೆ ಕಂಬಳಿ ಒಯ್ಯುತ್ತಿದ್ದ. ದಂಡೇ ಹೋದ ಮೇಲೆ ಅವನೇಕೆ ಬಂದಾನು? ಹುಣಸೆ ಬೀಜದ ಗಂಜಿ ಬಳಿದು ಒಣಗಿಸಿದ ಕಂಬಳಿಗಳು ಪಡಸಾಲೆಯ ಮೂಲೆಯಲ್ಲಿ ಒಟ್ಟಿಕೊಂಡು ಬಿದ್ದವು. ನಾವು ಮಕ್ಕಳು ಅವುಗಳ ಮೇಲೆ ಹತ್ತಿ ಜಿಗಿಯುತ್ತಿದ್ದೆವು. ಅಷ್ಟರ ಮಟ್ಟಿಗೆ ಆ ಕಾಲ ನಮಗೆ ಮಜವಾಗಿಯೇ ಇತ್ತು.

ಓಣಿಯಲ್ಲಿ ಒಂದೊಂದೇ ಮನೆಗೆ ಕೀಲಿ ಬಿತ್ತು. ಗಾಡಿ ಕಟ್ಟಿಕೊಂಡು ಯಾದಗಿರಿ ಸ್ಟೇಷನ್ನಿಗೆ ಹೋಗುವುದು, ರೈಲು ಹತ್ತುವುದು, ಸೊಲ್ಲಾಪುರದ ಬಟ್ಟೆ ಗಿರಣಿ ಸೇರುವುದು. ಅಪ್ಪನೂ ಹೋದ. ಅವನು ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಮಗ್ಗದ ಕುಣಿಯಲ್ಲಿ ನಮ್ಮ ಕೋಳಿ ಮೊಟ್ಟೆ ಇಡತೊಡಗಿತು. ಅಪ್ಪ ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ ಬರುತ್ತಿದ್ದ. ಒಂದು ಸಲ ಬಂದಾಗ ನನ್ನ ಪುಟ್ಟ ತಂಗಿ ಹೆದರಿ, "ಯವ್ವಾ, ಯಾರೋ ಬಂದಾರ!" ಎಂದು ಒಳಗೆ ಓಡಿದಳು. ಅವ್ವ ಬಿದ್ದು ಬಿದ್ದು ನಕ್ಕಳು. ಆಮೇಲೆ ರೊಟ್ಟಿ ಬಡಿಯುತ್ತ ಒಬ್ಬಳೇ ಅತ್ತಳು.

ಆ ಬೇಸಿಗೆ ಅಪ್ಪ ನಮ್ಮನ್ನೆಲ್ಲ ಕರೆದೊಯ್ಯಲೆಂದೇ ಬಂದಿದ್ದ. ಸೊಲ್ಲಾಪುರದಲ್ಲಿ ಬಾಡಿಗೆಗೆ ಒಂದು ಖೋಲಿ ನೋಡಿಟ್ಟಿದ್ದ. ಆದರೆ ಅಪ್ಪನ ತಾಯಿ, ನಮ್ಮ ಆಯಿ, ಒಪ್ಪಬೇಕಲ್ಲ! ಆಯಿ ಬರದಿದ್ದರೆ ಅವ್ವ ಅತ್ತೆಯನ್ನು ಒಂಟಿಯಾಗಿ ಬಿಟ್ಟು ಹೊರಡುವವಳಲ್ಲ. ಗಂಡ ಹೆಂಡತಿ ಒಂದು ಸೂರಿನಡಿ ಇರಬೇಕೋ ಬೇಡವೋ ಎಂಬುದು ಹೀಗೆ ಆಯಿಯ ಬಾಯಲ್ಲಿತ್ತು. ಆ ಬಾಯೋ, ಶಿವನೇ!

"ಬಿಲ್ಕುಲ್ ಆಗಂಗಿಲ್ಲ. ಅಲ್ಲಿ ಭೋಂಗಾ ಊದಿದ ಕೂಡ್ಲೆ ಮಂದಿ ಎದ್ದು ಓಡ್ತಾರಂತ. ನಾವೇನು ಕುರಿಗಳೇನೋ?"

"ಅದು ಗಿರಣಿ ಭೋಂಗಾ ಯವ್ವಾ, ಕೆಲಸದ ಹೊತ್ತಾತು ಅಂತ ಊದ್ತಾರ. ನಿನಗ ಯಾರು ಓಡು ಅಂತಾರ?" ಎಂದ ಅಪ್ಪ.

"ನೀರು ಗ್ವಾಡ್ಯಾಗಿಂದ ಬರ್ತದಂತ!"

"ನಳದಾಗ ಬರ್ತದ."

"ಗ್ವಾಡಿ ನೀರು ನಾ ಕುಡಿಯಂಗಿಲ್ಲ. ಮತ್ತ ನಮ್ಮ ಕುರಿ ಯಾರು ನೋಡ್ಕೋತಾರ?"

"ಗೋಗಿ ಊರಾಗಿನ ಮಾವ ನೋಡ್ಕೋತೀನಿ ಅಂದಾನ."

"ಅಂವ? ಅಂವಗ ತನ್ನ ಧೋತ್ರ ನೋಡ್ಕೊಳಾಕ ಆಗಂಗಿಲ್ಲ!"

ಒಂದು ಕಡೆ ತಿಂಥಣಿ, ಇನ್ನೊಂದು ಕಡೆ ಯಾದಗಿರಿ, ಅದರಾಚೆ ಲೋಕವೇ ಇಲ್ಲವೆಂದು ನಂಬಿದ್ದವಳು ಆಕೆ. ದಿನಾ ಹೀಗೆ ಜಗ್ಗಾಡಿ ಅಪ್ಪ ಹೈರಾಣಾದ. ಕೊನೆಗೆ ಆಯಿಯೇ, "ಹೋಗ್ಲಿ, ಟಗರಿಗಿ ಕೇಳೂನು. ದೇವ್ರು ಹೂಂ ಅಂದ್ರ ಬರ್ತೀನಿ. ಇಲ್ಲಂದ್ರ ಇನ್ನ ಈ ಮಾತು ಎತ್ತಬ್ಯಾಡ" ಎಂದಳು.

ಗಿರಣಿ ಸೇರಿದ ಮೇಲೆ ಅಪ್ಪ ಸ್ವಲ್ಪ ಚಾಲಾಕಿಯಾಗಿದ್ದ. ಉಣ್ಣೆ ದಟ್ಟವಾಗಿದ್ದರೆ ನೀರು ಬುಡಕ್ಕೆ ಇಳಿಯುವುದಿಲ್ಲ, ಟಗರಿಗೆ ಗೊತ್ತೇ ಆಗುವುದಿಲ್ಲ ಎಂದು ಯೋಚಿಸಿ, ಹಿಂದಿನ ದಿನವೇ ಅದರ ಮೈಯೆಲ್ಲ ನುಣ್ಣಗೆ ಕತ್ತರಿಸಿಬಿಟ್ಟ. ಬೋಳು ಬೆನ್ನಿಗೆ ತಣ್ಣೀರು ಬಿದ್ದರೆ ಜಾಡಿಸದೆ ಎಲ್ಲಿ ಹೋದೀತು? ಆಯಿ ಟಗರನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕೋ, ಇದರ ಲಗ್ನ ಐತೇನು?" ಎಂದು ಕೇಳಿದಳು, ಅಷ್ಟೇ.

ಮರುದಿನ ಮಟಮಟ ಮಧ್ಯಾಹ್ನ. ನಮ್ಮ ಕಡೆಯ ಬಿಸಿಲು ಗೊತ್ತಲ್ಲ, ಅಂಗಳದ ಕಲ್ಲಿನ ಮೇಲೆ ಕಾಲಿಡಲು ಆಗುತ್ತಿರಲಿಲ್ಲ. ಓಣಿಯಲ್ಲಿ ಉಳಿದಿದ್ದವರೆಲ್ಲ ಬಂದು ಅಂಗಳದಲ್ಲಿ ಟಗರಿನ ಸುತ್ತ ನಿಂತಿದ್ದರು. ಆಯಿ ದೇವರ ಕಡೆ ಕೈಮುಗಿದು, "ಸೊಲ್ಲಾಪುರಕ್ಕ ಹೋಗೂನೇನೋ ತಂದಿ?" ಎಂದಳು. ಅಪ್ಪ ಕೊಡದಿಂದ ತಂಬಿಗೆ ತುಂಬಿ ಟಗರಿನ ಬೆನ್ನ ಮೇಲೆ ನೀರು ಸುರಿದ.

ಟಗರು ಕಣ್ಣು ಮುಚ್ಚಿತು. ಕತ್ತು ಚಾಚಿತು. ಮೈ ಜಾಡಿಸುವುದಂತಿರಲಿ, ಇನ್ನಷ್ಟು ಹಾಕು ಎನ್ನುವ ಹಾಗೆ ಬೆನ್ನು ಕೊಟ್ಟು ನಿಂತಿತು! ಕತ್ತರಿಸಿದ ಮೈ ಬಿಸಿಲಿಗೆ ಕಾದು ಕಾದು ಉರಿಯುತ್ತಿತ್ತು, ಪಾಪ, ಅದಕ್ಕೆ ಆ ತಣ್ಣೀರು ಅಷ್ಟು ಹಿತವಾಗಿತ್ತು. ಅಪ್ಪ ಮತ್ತೊಂದು ತಂಬಿಗೆ ಸುರಿದ. ಮತ್ತೂ ಸುರಿದ. "ಜಾಡಿಸಲೇ ಮಗನ, ಜಾಡಿಸು" ಎಂದು ಹಲ್ಲು ಕಡಿದ. ಟಗರು ಸುಖವಾಗಿ ಮೆಲುಕು ಹಾಕತೊಡಗಿತು. ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ.

ಬಾಗಿಲಲ್ಲಿ ನಿಂತಿದ್ದ ಅವ್ವ ಮಾತ್ರ ನಗಲಿಲ್ಲ. "ದೇವ್ರು ಒಲ್ಲೆ ಅಂದಾನ, ಆತು" ಎಂದಳು, ಅಪ್ಪನ ಮುಖ ನೋಡದೆ. "ಅತ್ತೀನ್ನ ಬಿಟ್ಟು ನಾ ಬರಂಗಿಲ್ರಿ. ನೀವು ಹೋಗ್ರಿ, ಬುತ್ತಿ ಕಟ್ಟಿ ಕೊಡ್ತೀನಿ. ಬರೂ ಬ್ಯಾಸಿಗಿಗಿ ಮತ್ತ ಬರ್ರಿ." ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಂದಿಯ ನಗು ನಿಂತಿತು. ನನಗೂ ಅಳು ಬಂತು.

ಆಯಿ ಅವ್ವನನ್ನೇ ನೋಡುತ್ತಿದ್ದಳು. ಗೆದ್ದವಳು ಆಕೆಯೇ, ಆದರೆ ಮುಖದಲ್ಲಿ ಆ ಕಳೆ ಇರಲಿಲ್ಲ. ಸರಸರ ನಡೆದು ಬಂದು, ನೀರಿನ ಕೊಡವನ್ನೇ ಎತ್ತಿ, ಉಳಿದ ಅರಿಶಿನದ ನೀರನ್ನೆಲ್ಲ ತನ್ನ ತಲೆಯ ಮೇಲೆ ಸುರಿದುಕೊಂಡಳು. ಬಿಳಿಗೂದಲೆಲ್ಲ ಹಳದಿಯಾಯಿತು. ಆಮೇಲೆ ತಲೆ, ಭುಜ, ಮೈ ಎಲ್ಲವನ್ನೂ ಬಡಬಡ ಜಾಡಿಸಿದಳು. ಸುತ್ತ ನಿಂತವರ ಮೈಮೇಲೆಲ್ಲ ನೀರು ಸಿಡಿಯಿತು.

"ನೋಡಿದ್ರಿಲ್ಲ ಎಲ್ಲಾರು? ಜಾಡಿಸೀನಿ. ನಡೀರಿ ಮತ್ತ ಸೊಲ್ಲಾಪುರಕ್ಕ."

"ಯವ್ವಾ, ಆದ್ರ ದೇವ್ರು..." ಅಪ್ಪ ತಡವರಿಸಿದ.

"ದೇವ್ರಿಗಿ ನಾ ಹೇಳ್ಕೋತೀನಿ. ಈ ಹುಡುಗಿ ನನ್ನ ಸಲುವಾಗಿ ಇನ್ನೊಂದು ವರ್ಷ ಗಂಡನ ಹಾದಿ ನೋಡ್ಕೋತ ಕುಂತ್ರ ಆ ದೇವ್ರು ಮೆಚ್ಚಬಹುದು. ನಾ ಮೆಚ್ಚಂಗಿಲ್ಲ."

ಅವ್ವ ಹೊಸ್ತಿಲು ದಾಟಿ ಅಂಗಳಕ್ಕೆ ಬಂದಳು. ಆ ಕಾಲದಲ್ಲಿ ನಮ್ಮ ಕಡೆ ಸೊಸೆಯಂದಿರು ಅತ್ತೆಯ ಎದುರಿಗೆ ಗಂಡನ ಹತ್ತಿರ ಸುಳಿಯುತ್ತಿರಲಿಲ್ಲ. ಅವಳು ಓಣಿಯ ಮಂದಿಯೆಲ್ಲ ನೋಡುತ್ತಿದ್ದ ಹಾಗೆಯೇ ಅಪ್ಪನ ಮಗ್ಗುಲಿಗೆ ಬಂದು ನಿಂತಳು, ಎಷ್ಟು ಹೊತ್ತಾದರೂ ಅಲ್ಲಿಂದ ಕದಲಲಿಲ್ಲ.