ಗಿಡ್ಡನ ಮಕ್ಕಳು

ಮಾಂಸಕ್ಕೆ ದನ ಸಾಕುವ ಮನೆಯಲ್ಲಿ ಹುಟ್ಟಿ, ಕೊಟ್ಟಿಗೆಯಲ್ಲೇ ಬೆಳೆದವಳು ನಮ್ಮ ಅತ್ತೆ. ಅವಳ ಅಣ್ಣನ ಮಕ್ಕಳು ಹಾಗೆ ಕರೆದದ್ದು ಕೇಳಿ ಕೇಳಿ, ಮಾಂಸದಂಗಡಿಯವನಿಗೂ ಆಕೆ ಅತ್ತೆಯೇ ಆಗಿಹೋದಳು.

ಅವರ ಮನೆಯಲ್ಲಿ ಬೀಜದ ಹೋರಿಗಳು ಎರಡು. ಒಂದು ಪೈಲ್ವಾನ: ಎತ್ತರದ ಆಳು, ಕಂಡವರು ನಿಂತು ನೋಡಬೇಕು. ಇನ್ನೊಂದು ಗಿಡ್ಡ: ಕಾಲು ಮೋಟು, ಬೆನ್ನು ಮಾತ್ರ ಮಂಚದಷ್ಟು ಅಗಲ.

ಒಂದು ದಿನ ಅಣ್ಣ, "ಗಿಡ್ಡನಿಗೆ ಹಾಕೋ ಮೇವು ದಂಡ. ಅಂಗಡಿಗೆ ಕಳಿಸಿಬಿಡೋಣ" ಎಂದ.

"ಅವನೇನು ಮಾಡಿದ?"

"ಪೈಲ್ವಾನನ ಕರು ನೋಡು, ಹೇಗೆ ಮೈತುಂಬಿಕೊಂಡಿವೆ! ಗಿಡ್ಡನವು ಬಡಕಲು. ಅಪ್ಪನ ಹಾಗೇ ಮಕ್ಕಳು."

"ಒಳ್ಳೊಳ್ಳೆ ಹಸುಗಳನ್ನೆಲ್ಲ ಪೈಲ್ವಾನನಿಗೆ ಬಿಟ್ಟು, ಮುದುಕಿಯರನ್ನ ಗಿಡ್ಡನಿಗೆ ಗಂಟು ಹಾಕಿದ್ದು ಯಾರಣ್ಣ? ಆ ಮುದುಕಿಯರ ಕರುಗಳಿಗೂ ಬೆನ್ನು ಅಗಲವೇ ಇದೆ, ನೋಡಿದ್ದೀಯಾ? ನಮ್ಮಲ್ಲಿ ಮಗು ಚೆಂದ ಇದ್ರೆ ಅಪ್ಪನ ಗುಣ, ಸೊರಗಿದ್ರೆ ಅಮ್ಮನ ತಪ್ಪು. ದನಕ್ಕಾದ್ರೆ ಸೊರಗಿದ ತಪ್ಪೂ ಅಪ್ಪನ ತಲೆಗೇ!"

ಒಲೆ ಮುಂದಿದ್ದ ಅತ್ತಿಗೆ ಕಿಸಕ್ಕನೆ ನಕ್ಕಳು. "ನನ್ನ ಮಕ್ಕಳು ಪಾಸಾದಾಗಲೆಲ್ಲ ಇವರದೇ ತಲೆ ಕಣೇ."

ಅಣ್ಣ ಉರಿದುಬಿದ್ದ. "ಆಯ್ತು, ಒಂದೇ ಸಲ ಇಬ್ಬರಿಗೂ ಹಸು ಸಮನಾಗಿ ಹಂಚಿ ನೋಡೋಣ. ಸೋತರೆ ಗಿಡ್ಡನನ್ನ ನೀನೇ ಮಾಂಸದಂಗಡಿಯ ಲಾರಿ ಹತ್ತಿಸಬೇಕು."

ಅತ್ತೆ ಹೂಂ ಎಂದಳು. ಯಾವ ಹಸು ಯಾವ ಹೋರಿಗೆ ಎಂಬುದನ್ನು ಚೀಟಿ ಎತ್ತಿ ಗೊತ್ತು ಮಾಡಿದರು, ಎತ್ತಿದವಳು ಅತ್ತಿಗೆ. ಹುಟ್ಟಿದ ಕರುಗಳಿಗೆಲ್ಲ ಒಂದೇ ದೊಡ್ಡಿ, ಒಂದೇ ಗೋದಲಿ. "ಮೇವು ಬೇರೆ ಆದ್ರೆ, ಇದು ಹುಲ್ಲಿನ ಗುಣವೋ ರಕ್ತದ ಗುಣವೋ ಅಂತ ಯಾರು ಹೇಳ್ತಾರೆ?" ಎಂದಳು ಅತ್ತೆ.

ಪೈಲ್ವಾನನ ಕರುಗಳು ಎಷ್ಟು ದೊಡ್ಡವೆಂದರೆ, ಹಗ್ಗ ಕಟ್ಟಿ ಎಳೆದು ಹೆರಿಗೆ ಮಾಡಿಸಬೇಕಾಯಿತು. ಗಿಡ್ಡನವು ಸಲೀಸಾಗಿ ಜಾರಿ ಬಿದ್ದವು, ಆದರೆ ಅಂಗೈಯಷ್ಟು!

"ಏನಮ್ಮ, ಮೊಲ ಸಾಕ್ತಿದ್ದೀಯಾ?" ಎಂದು ಅಣ್ಣ ಕುಟುಕಿದ. ಅತ್ತೆ ಬಕೆಟ್ಟು ಹಿಡಿದು ಕರುಗಳ ಕಡೆ ನಡೆದಳು. ಲಾರಿಯ ಸದ್ದು ಕೇಳಿದರೆ ಮಾತ್ರ ಓಡಿಹೋಗಿ ಗಿಡ್ಡನ ಪಕ್ಕ ನಿಲ್ಲುತ್ತಿದ್ದಳು.

ಮೊಲಗಳು ಮೇಯತೊಡಗಿದವು. ಹಾಲು ಬಿಟ್ಟ ಮೇಲಂತೂ ದಿನದಿನಕ್ಕೆ ಉಬ್ಬಿದವು. ತೂಕದ ದಿನ ಒಂದೊಂದನ್ನೇ ಯಂತ್ರದ ಮೇಲೆ ಹತ್ತಿಸಿದರೆ, ಗಿಡ್ಡನ ಮಕ್ಕಳು ಎತ್ತರದಲ್ಲಿ ಸೋತು ತೂಕದಲ್ಲಿ ಗೆದ್ದವು.

ಅಣ್ಣ ಸುಲಭಕ್ಕೆ ಬಗ್ಗುವವನೇ? "ತೂಕ ಎಲುಬಿಂದೂ ಇರಬಹುದು. ಕತ್ತರಿಸಿದ ಮೇಲೆ ಮಾತಾಡೋಣ."

ಕತ್ತರಿಸಿದ್ದೂ ಆಯಿತು. ಮಾಂಸದಂಗಡಿಯವನು ಚೂರಿ ಒರೆಸುತ್ತ ತಾನೇ ಮನೆತನಕ ಬಂದ. "ಯಜಮಾನರೇ, ಪೈಲ್ವಾನನ ಮಕ್ಕಳಲ್ಲಿ ಎಲುಬಿನ ರಾಜ್ಯ. ಗಿಡ್ಡನ ಮಕ್ಕಳ ಬೆನ್ನಿನ ಮಾಂಸ ಹಿಡಿಯೋಕೆ ನನ್ನ ಎರಡು ಕೈಯೂ ಸಾಲಲಿಲ್ಲ. ಇನ್ನು ಮುಂದೆ ನನಗೆ ಇವೇ ಬೇಕು. ಅತ್ತೆ, ನಿನ್ನ ಕಣ್ಣು ಕಣ್ಣಲ್ಲ, ತಕ್ಕಡಿ!"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇರಬೇಕು.

ಮರುದಿನ ಅಣ್ಣ ತಾನೇ ಗಿಡ್ಡನ ಹಗ್ಗ ಹಿಡಿದು, ಒಳ್ಳೆಯ ಹಸುಗಳ ದೊಡ್ಡಿಯ ಬಾಗಿಲು ತೆರೆದ.

"ನನ್ನ ತಂಗಿ ನಿನ್ನನ್ನ ಮಗನಂತೆ ಸಾಕಿದಳು, ನನಗೆ ಅಳಿಯನೇ ಆದೆಯಲ್ಲೋ. ನಡೀರಿ ಅಳಿಯಂದಿರೇ, ಹೆಣ್ಣಿನ ಕಡೆಯವರು ಕಾಯ್ತಿದ್ದಾರೆ."

ಗಿಡ್ಡ ಗತ್ತಿನಿಂದ ಒಳಗೆ ನಡೆದ.