ಗಂಗತ್ತಿಯ ಖಾಲಿ ಚೀಲ

ಗಂಗತ್ತಿ ಚಿಕ್ಕೋಡಿಯ ಪೇಟೆಗೆ ಹೋಗುವಾಗಲೂ ಚೀಲ ಖಾಲಿ, ಬರುವಾಗಲೂ ಖಾಲಿ. ಆದರೆ ಬಸ್ಸಿಳಿದು ಮನೆಗೆ ಬರುವ ಅವಳನ್ನು ನೋಡಿದವರು ಇಡೀ ಪೇಟೆಯನ್ನೇ ಹೊತ್ತು ತಂದಳೇನೋ ಅಂದುಕೊಳ್ಳಬೇಕು, ಅಷ್ಟು ದಣಿವು, ಅಷ್ಟೇ ಸಮಾಧಾನ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು, "ಎವ್ವಾ, ಏನ್ ಸಾಮಾನ, ಏನ್ ಸಾಮಾನ! ಒಂದ್ ತಂಬಗಿ ನೀರ ಕೊಡ್ರಿ" ಅನ್ನುತ್ತಿದ್ದಳು. ಕೊಂಡದ್ದು ಏನೆಂದು ಕೇಳಿದರೆ ನಕ್ಕುಬಿಡುವಳು.

ಅವಳು ನನ್ನ ಅಪ್ಪನ ಅಕ್ಕ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಸದಲಗಾದ ತವರಿಗೆ ಬಂದವಳು ಅಲ್ಲೇ ಉಳಿದಳು. ನನ್ನ ಅವ್ವ ತೀರಿಕೊಂಡ ಮೇಲೆ ನನಗೆ ಅವ್ವನೂ ಅವಳೇ, ಅತ್ತೆಯೂ ಅವಳೇ. ಎತ್ತರದ ಆಳು, ಗಂಡಸರಂಥ ಹೆಜ್ಜೆ. ಅವಳ ಬಾಯಲ್ಲಿ ಎರಡು ಭಾಷೆ ಬೇರೆಬೇರೆ ಕೆಲಸ ಹಂಚಿಕೊಂಡಿದ್ದವು. ಮುದ್ದು ಮಾಡಲು ಕನ್ನಡ, ಬಯ್ಯಲು ಮರಾಠಿ.

ಮದುವೆಯಾಗಿ ನಾನು ನಿಪ್ಪಾಣಿ ಸೇರಿದೆ. ನಮ್ಮವರು ಅಲ್ಲಿ ತಂಬಾಕಿನ ವಖಾರಿಯಲ್ಲಿ ಕಾರಕೂನರು. ಎಂಬತ್ತರ ದಶಕದ ನಡುವಿನಲ್ಲಿ ಮೊದಲ ಬಾರಿ ಬಸುರಿಯಾಗಿ ತವರಿಗೆ ಬಂದಾಗ ಆ ಖಾಲಿ ಚೀಲದ ಗುಟ್ಟು ನನಗೂ ತಿಳಿಯಿತು. ಒಂದು ಬೆಳಿಗ್ಗೆ ಗಂಗತ್ತಿ, "ನಡಿ ಶಾಂತವ್ವಾ, ಕೂಸಿನ ಸಾಮಾನ ತಗೊಂಡ್ ಬರೂಣು" ಅಂದಳು. ಅಪ್ಪನಿಗೆ ಗಾಬರಿ. "ಅಕ್ಕಾ, ಕೂಸ ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದ್ರಂತ ಅನ್ನೂದು ನೀನ ಅಲ್ಲೇನ?" ಅಂದ.

ಹೌದು, ಬೇರೆಯವರಿಗೆ ಅದು ಅವಸರದವರನ್ನು ಆಡಿಕೊಳ್ಳುವ ಗಾದೆ. ಗಂಗತ್ತಿಗೆ ಮಾತ್ರ ಅದು ಕಾಯ್ದೆ. ಕೂಸು ಹುಟ್ಟಿ ಅಳುವ ತನಕ ಅದರ ಹೆಸರಿನಲ್ಲಿ ಒಂದೆಳೆ ಹೊಸ ನೂಲೂ ಹೊಸ್ತಿಲು ದಾಟಬಾರದು. ಆದರೆ ಆರಿಸಬಾರದೆಂದು ಯಾವ ಕಾಯ್ದೆಯಲ್ಲೂ ಇಲ್ಲವಲ್ಲ! "ಹೆಣ್ಣ ನೋಡಾಕ ಹೋದವ್ರು ಅವತ್ತ ಕರ್ಕೊಂಡ್ ಬರ್ತಾರೇನು? ನೋಡಬೇಕು, ಒಪ್ಪಬೇಕು, ಬರಬೇಕು. ಕಣ್ಣಿಲೆ ಕೊಳ್ಳೂದಕ್ಕ ಯಾವ ದೇವ್ರೂ ಸಿಟ್ಟ ಆಗೂದಿಲ್ಲ" ಎಂದು ಅಪ್ಪನ ಬಾಯಿ ಮುಚ್ಚಿಸಿದಳು.

ಚಿಕ್ಕೋಡಿಯಲ್ಲಿ ಅಪ್ಪಾಸಾಹೇಬರದೊಂದು ಅರಿವೆಯ ಅಂಗಡಿ. ಗಾದಿಯ ಮೇಲೆ ಕೂತ ಆ ಹಿರಿಯರಿಗೆ ಇವಳ ಪರಿಚಯ ಹಳೆಯದು. ನೆಂಟರಿಷ್ಟರಲ್ಲಿ ಯಾರೇ ಬಸುರಿಯಾದರೂ ಗಂಗತ್ತಿ ಅಲ್ಲಿಗೆ ಹಾಜರು. ಮೆಟ್ಟಿಲು ಹತ್ತುವಾಗಲೇ ಅವರು ಕೇಳುವರು: "ಬರ್ರಿ ಗಂಗಕ್ಕಾರ. ಇವತ್ತ ನೋಡಾಕೋ, ತಗೊಳ್ಳಾಕೋ?"

"ನೋಡಾಕ್ರೀ."

ಅಷ್ಟು ಗೊತ್ತಿದ್ದೂ ಅವರು ಕುಲಾವಿ, ಕುಂಚಿಗೆ, ಅಂಗಿ ಎಲ್ಲವನ್ನೂ ಗಾದಿಯ ಮೇಲೆ ಹರವುತ್ತಿದ್ದರು. ಗಂಗತ್ತಿ ಒಂದೊಂದನ್ನೂ ಎತ್ತಿ ತನ್ನ ಮುಷ್ಟಿಗೆ ತೊಡಿಸುವಳು. ಮುಷ್ಟಿಯನ್ನು ಅತ್ತಿತ್ತ ತಿರುಗಿಸಿ ಮುದ್ದಿಸಿ, "ಇದು ಬಿಗಿ ಆಗ್ತೈತಿ ನನ್ನವ್ವಗ" ಎಂದು ತೆಗೆಯುವಳು. ಕಡೆಗೆ ಸಣ್ಣ ಕನ್ನಡಿಗಳಿದ್ದ ಕೆಂಪು ಕುಲಾವಿಯೊಂದು ಒಪ್ಪಿಗೆಯಾಯಿತು. ಅದನ್ನು ಅಲ್ಲೇ ಬಿಟ್ಟು, ದಾರಿಗೆ ಖಾರದ ಚುರುಮುರಿ ಭಡಂಗ ಕಟ್ಟಿಸಿಕೊಂಡು ನಾವು ಬಸ್ಸು ಹತ್ತಿದೆವು.

ನನಗೆ ಇಂದಿಗೂ ಆ ಬಸ್ಸಿನ ದಾರಿಯೇ ಕಣ್ಣ ಮುಂದೆ. ಎರಡೂ ಕಡೆ ಕಬ್ಬು ಹೂಬಿಟ್ಟು ಬೆಳ್ಳಗೆ ಸೂಲಂಗಿ ಬಂದಿತ್ತು. ಇಳಿಬಿಸಿಲಿಗೆ ಕಣ್ಣು ಎಳೆಯುತ್ತಿತ್ತು. ಗಂಗತ್ತಿ ನನ್ನ ಕಿವಿಯ ಹತ್ತಿರ ಬಾಗಿ, ತಾರದ ಸಾಮಾನುಗಳಿಗೆಲ್ಲ ಜಾಗ ಹುಡುಕುತ್ತಿದ್ದಳು. "ಕುಲಾವಿ ದೇವರ ಮಾಡದಾಗ ಇಡೂಣು. ತೊಟ್ಟಿಲಾ ಪಡಸಾಲಿ ಜಂತಿಗೆ ಕಟ್ಟೂಣು, ಅಲ್ಲಿ ಗಾಳಿ ಚಲೋ ಬರ್ತೈತಿ." ನಿದ್ದೆಯೋ ಎಚ್ಚರವೋ ತಿಳಿಯದ ಆ ಹೊತ್ತಿನಲ್ಲಿ ತೊಟ್ಟಿಲು ತೂಗುವುದು ನನಗೆ ಕಾಣಿಸುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ನಾನೂ ದಣಿದಿದ್ದೆ.

ಆ ಕೂಸು ಉಳಿಯಲಿಲ್ಲ, ಹುಟ್ಟಿದಾಗ ಅಳಲೇ ಇಲ್ಲ. ಮುಂದಿನ ಸಲ ನೀಲಿ ಕುಲಾವಿ ಆರಿಸಿ ಬಂದೆವು, ಆ ಕೂಸೂ ಉಳಿಯಲಿಲ್ಲ. ಮನೆಯಲ್ಲಿ ಬಚ್ಚಿಡಬೇಕಾದ ಒಂದು ಚಿಂದಿಯೂ ಇರಲಿಲ್ಲ, ಸುಡಬೇಕಾದದ್ದೂ ಇರಲಿಲ್ಲ. ಅವಳ ಕಾಯ್ದೆ ಯಾಕಾಗಿ ಇತ್ತೆಂದು ಆಗ ನನಗೆ ಅರ್ಥವಾಯಿತು. ಆದರೂ ಕುಲಾವಿ ಇಡಬೇಕೆಂದಿದ್ದ ದೇವರ ಮಾಡ, ಆ ಗೋಡೆಗೂಡು ಕಂಡರೆ ನಾನು ಮುಖ ತಿರುಗಿಸುತ್ತಿದ್ದೆ.

ಮೂರನೆಯ ಸಲ ನಾನು ಹಟ ಹಿಡಿದೆ. "ನಾ ಎಲ್ಲಿಗೂ ಬರೂದಿಲ್ಲತ್ತಿ. ಯಾರಿಗಂತ ಆರಿಸೂದು? ಇನ್ನೊಮ್ಮೆ ನನ್ನ ಕೈಲೆ ಆಗೂದಿಲ್ಲ."

ಗಂಗತ್ತಿ ಬಯ್ಯಲಿಲ್ಲ. ನನ್ನ ತಲೆಗೆ ಎಣ್ಣೆ ತಿಕ್ಕುತ್ತ ಹೇಳಿದಳು: "ಹೆದರಿಕಿ ನನಗೂ ಐತಿ, ನನ್ನವ್ವಾ. ಆದ್ರ ಬರೂ ಕೂಸಿಗೆ ಗೊತ್ತಾಗಬ್ಯಾಡೇನು, ಇಲ್ಲಿ ತನ್ನ ಹಾದಿ ನೋಡಾಕತ್ತಾರ ಅಂತ? ನಾವ ಹೊಂಟ ನಿಂತ್ರ ಅದೂ ಇತ್ತಾಗ ಹೊಂಡತೈತಿ."

ಹೋದೆವು. ಗಂಗತ್ತಿ ಬಹಳ ಹೊತ್ತು ನೋಡಿ ಹಳದಿಯದನ್ನು ಒಪ್ಪಿದಳು, ಹೊಸದಾಗಿ ಕುಟ್ಟಿದ ಅರಿಶಿನದ ಬಣ್ಣ. ನಾನು ಅದನ್ನು ಮುಟ್ಟಲಿಲ್ಲ.

ಇಷ್ಟೆಲ್ಲ ಜೋಕೆ ಮಾಡಿದರೆ ನಮ್ಮವರು ಏನು ಮಾಡಬೇಕು? ಕೊಲ್ಲಾಪುರಕ್ಕೆ ಹೋದವರು ಅಲ್ಲಿಂದ ಗುಲಾಬಿ ಬಣ್ಣದ ಹೊಸ ಅಂಗಿಯೊಂದನ್ನು ಕೊಂಡು, ನೆಟ್ಟಗೆ ಸದಲಗಾಕ್ಕೆ ಬಂದು, ಹಬ್ಬದ ಮೋರೆ ಮಾಡಿಕೊಂಡು ಪಡಸಾಲೆಯಲ್ಲಿ ಬಿಚ್ಚಿ ತೋರಿಸಿದರು! ಅಪ್ಪ ತಲೆ ಮೇಲೆ ಕೈ ಹೊತ್ತು ಕೂತ. ಗಂಗತ್ತಿ ಮಾತ್ರ ಏನೂ ಆಗದವಳಂತೆ ಆ ಅಂಗಿಯನ್ನು ಇಸಿದುಕೊಂಡಳು. "ಭಾಳ ಚಲೋ ಆತ್ರಿ ಅಳಿಯಾ ದೇವ್ರ. ರೋಶನ್‌ಬಿ ಕೂಸಿಗೆ ಅಂಗಿ ಇದ್ದಿದ್ದಿಲ್ಲ. ಎಷ್ಟ ನೆನಪಿಟ್ಟ ತಂದೀರಿ!" ಅಂದವಳೇ ಪಕ್ಕದ ಮನೆಗೆ ನಡೆದಳು.

ರೋಶನ್‌ಬಿಯ ಕೂಸು ಗುಂಡುಗುಂಡಾಗಿ, ಜಡ್ಡು ಜಾಪತ್ತು ಅರಿಯದೆ ಬೆಳೆಯುತ್ತಿತ್ತು. ಅಂಗಿಯನ್ನು ಅದಕ್ಕೆ ತೊಡಿಸಿದ್ದಾಯಿತು. ಆಮೇಲೆ ಗಂಗತ್ತಿ ದಿನಾ ಹಿತ್ತಲ ಗೋಡೆಯ ಮೇಲಿಂದ ವಿಚಾರಿಸುವಳು: "ಕೂಸು ಅಂಗಿ ಮ್ಯಾಲೆ ಹಾಲ ಕಕ್ಕಿತೇನ ಬೇ?" ರೋಶನ್‌ಬಿ ನಗುತ್ತ, "ಕಕ್ಕೇತ್ರಿ ಗಂಗವ್ವಾ, ಉಚ್ಚಿನೂ ಹೊಯ್ದೈತಿ" ಅನ್ನುವಳು. "ಶಾಬಾಸ್! ಇನ್ನ ಹಳೇದಾತು ತಗೋ." ಹೊಸದು ಬರಬಾರದು, ಚೆನ್ನಾಗಿ ಬದುಕಿ ಬೆಳೆಯುತ್ತಿರುವ ಕೂಸಿನ ಹಳೆಯದು ಬರಬಹುದು. ಬಂದರೆ ಆ ಕೂಸಿನ ಆಯುಷ್ಯದ ಗಾಳಿಯೂ ಬರುತ್ತದೆ ಎಂಬುದು ಅವಳ ನಂಬಿಕೆ.

ನನ್ನ ಮಗಳು ಒಂದು ಮಧ್ಯಾಹ್ನ ಹುಟ್ಟಿದಳು. ಹುಟ್ಟುತ್ತಲೇ ಓಣಿ ಕೇಳುವಂತೆ ಅತ್ತಳು. ರೋಶನ್‌ಬಿ ಒಗೆದು ಮಡಚಿಟ್ಟ ಗುಲಾಬಿ ಅಂಗಿಯನ್ನು ತಂದು, "ಹಳೇದ್ ಐತ್ರಿ, ಬ್ಯಾಡ ಅನಬ್ಯಾಡ್ರಿ" ಎಂದು ಕಣ್ಣು ಮಿಟುಕಿಸಿ ಕೊಟ್ಟಳು. ಗಂಗತ್ತಿ ಕೂಸಿನ ಮುಖ ನೋಡಿದವಳೇ ಚೀಲ ಹಿಡಿದು ಬಸ್ಸಿಗೆ ಹೊರಟಳು. ಸಂಜೆ ಬಂದಾಗ ಚೀಲ ತುಂಬಿತ್ತು.

"ತಗೊಳ್ಳಾಕ ಬಂದೀನ್ರಿ ಅಂದ್ನಿ, ಅಪ್ಪಾಸಾಹೇಬ ಗಾದಿ ಬಿಟ್ಟ ಎದ್ದ ನಿಂತಾ!" ಎಂದು ನಗುತ್ತ ಅವಳು ಒಂದೊಂದಾಗಿ ತೆಗೆದಿಟ್ಟಳು. ಹಳದಿ ಕುಲಾವಿ ಬಂತು. ಅದರ ಹಿಂದೆ ನೀಲಿ ಬಂತು. ಕಡೆಗೆ ಕನ್ನಡಿಗಳಿದ್ದ ಕೆಂಪು.

ನಾನು ಕೆಂಪನ್ನು ಕೈಗೆತ್ತಿಕೊಂಡೆ. "ಅತ್ತಿ, ಇವು..." ಅಂದೆ.

"ಒಪ್ಪಿ ಬಂದಿದ್ವಿ. ಒಪ್ಪಿದ್ದನ್ನ ಬಿಡಾಕ ಬರ್ತೈತೇನು?" ಅಂದಳು. ಒಪ್ಪಿದವನ್ನು ಯಾರಿಗೂ ಮಾರದೆ ತೆಗೆದಿಡಿರೆಂದು ಅವಳು ಅಪ್ಪಾಸಾಹೇಬರಿಗೆ ಹೇಳಿಟ್ಟಿದ್ದಳಂತೆ. ಆ ಸಂಜೆ ನಾವಿಬ್ಬರೂ ಮನಸಾರೆ ಅತ್ತೆವು. ಆ ಎರಡು ಕೂಸುಗಳಿಗಾಗಿ ನಾನು ಬಾಯಿ ಬಿಟ್ಟು ಅತ್ತದ್ದು ಅದೇ ಮೊದಲು. ಮೂರೂ ಕುಲಾವಿಗಳನ್ನು ನನ್ನ ಮಗಳು ಸರದಿಯಂತೆ ತೊಟ್ಟಳು.

ಮಗಳು ಸಾಲೆಗೆ ಹೋಗತೊಡಗಿದ ಮೇಲೆ ಗಂಗತ್ತಿ ಹಾಸಿಗೆ ಹಿಡಿದಳು. ನಾನು ಕಡೆಯ ಸಲ ನೋಡಲು ಹೋದಾಗ, ತೊಟ್ಟಿಲು ತೂಗಿದ್ದ ಜಂತಿಯ ಕೆಳಗೇ ಮಲಗಿದ್ದಳು. ಗಾಳಿ ಚಲೋ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡೇ, "ಚಿಕ್ಕೋಡಿಗೆ ಹೋಗೂಣು ನಡಿ" ಅಂದಳು.

"ನಡೀ ಅತ್ತಿ" ಎಂದು ಕೈ ಹಿಡಿದುಕೊಂಡೆ. ಅವಳು ಮಲಗಿದಲ್ಲೇ, ನಾನು ಕೂತಲ್ಲೇ ಇಬ್ಬರೂ ಬಸ್ಸು ಹತ್ತಿದೆವು, ಸೂಲಂಗಿ ನೋಡಿದೆವು, ಅಪ್ಪಾಸಾಹೇಬರ ಮೆಟ್ಟಿಲೇರಿದೆವು. "ಇವತ್ತ ನನಗ" ಅಂದಳು. ತನಗೆಂದು ಅವಳು ಏನನ್ನಾದರೂ ಆರಿಸಿದ್ದನ್ನು ನಾನು ಕಂಡಿರಲಿಲ್ಲ. "ಒಂದ್ ಇಳಕಲ್ ಸೀರಿ. ಕೂಸಿನ ಕುಲಾವಿ ಇತ್ತಲ್ಲ, ಆ ಹಳದಿ. ಕೆಂಪ ಸೆರಗ."

"ನಾಳೇನ ತರ್ತೀನಿ."

ಗಂಗತ್ತಿ ಫಕ್ಕನೆ ಕಣ್ಣು ತೆರೆದಳು. ಆ ಮರಾಠಿ ಬೈಗುಳ ಕೇಳಿ ಎಷ್ಟು ದಿನವಾಗಿತ್ತೋ. "ಅಗ ವೇಡೆ! ಹುಚ್ಚಿ! ಮೊದಲ ತರಬಾರ್ದು. ಅದು ಆಮ್ಯಾಲೆ."

ಗಂಗತ್ತಿ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ, ಬೋರಗಾಂವದ ಮೇಲೆ ಸದಲಗಾಕ್ಕೆ ಹೋಗುವ ಹತ್ತಿರದ ದಾರಿ ಬಿಟ್ಟು ನಾನು ಚಿಕ್ಕೋಡಿಗೆ ಹೋದೆ. ಅಪ್ಪಾಸಾಹೇಬರು ಆಗಷ್ಟೇ ಬಾಗಿಲು ತೆಗೆದು ಊದುಬತ್ತಿ ಹಚ್ಚುತ್ತಿದ್ದರು. ನನ್ನ ಹಿಂದೆ ಇನ್ನೊಬ್ಬರು ಬರಬಹುದೆಂದು ಮೆಟ್ಟಿಲ ಕಡೆ ನೋಡುತ್ತ, ರೂಢಿಯಂತೆ ಕೇಳಿದರು: "ಬರ್ರಿ ತಂಗಿ. ನೋಡಾಕೋ, ತಗೊಳ್ಳಾಕೋ?"

"ತಗೊಳ್ಳಾಕ್ರಿ" ಅಂದೆ. "ಆರಿಸೂದು ಆಗೈತಿ."